ಕ್ಷೌರಿಕನ ಕುರ್ಚಿ

ಕ್ಷೌರದ ಕತ್ತಿಯ ತಣ್ಣನೆಯ ಅಲಗು ಗಂಟಲಿಗೆ ತಾಗಿದ್ದೇ ಶುಶ್ರೂಷಕನ ಜೀವ ಬಾಯಿಗೆ ಬಂತು. ಕತ್ತಿ ಹಿಡಿದಿದ್ದವರು ಅವನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿದ್ದ, ಒಂದು ಕಾಲಕ್ಕೆ ಕ್ಷೌರಿಕರಾಗಿದ್ದ ತಾತ. ಈಗ ಅವರಿಗೆ ಮಗಳ ಹೆಸರೂ ಒಮ್ಮೊಮ್ಮೆ ಮರೆಯುತ್ತದೆ, ಕೈ ಸದಾ ನಡುಗುತ್ತದೆ.

ಗಡ್ಡ ತೆಗೆಯಲು ಯಾರು ಹತ್ತಿರ ಹೋದರೂ ತಾತ ಕಿರುಚಿ, ಸೋಪಿನ ನೀರು ಎರಚಿ ರಂಪ ಮಾಡುತ್ತಿದ್ದರು. ಇಬ್ಬರು ಹಿಡಿದುಕೊಂಡು ಇನ್ನೊಬ್ಬರು ಬೋಳಿಸುವುದೇ ರೂಢಿಯಾಗಿತ್ತು. ಇವತ್ತು ಮಾತ್ರ ಶುಶ್ರೂಷಕ, "ಹೇಗೆ ಮಾಡೋಣ, ನೀವೇ ಹೇಳಿ ತಾತ" ಎಂದಿದ್ದ. "ನೀನು ಕೂತ್ಕೋ, ನಾನು ಮಾಡ್ತೀನಿ" ಎಂದು ತಾತ ಪೆಟ್ಟಿಗೆಯಿಂದ ತಮ್ಮ ಹಳೆಯ ಕತ್ತಿ ತೆಗೆದರು. ಬೇಡ ಎಂದರೆ ಮತ್ತೆ ರಂಪವಾದೀತೆಂದು ಅವನು ಕುರ್ಚಿಯಲ್ಲಿ ಕೂತಿದ್ದ.

"ಅಲ್ಲಾಡ್ಬೇಡ ಮಗಾ" ಎಂದರು ತಾತ. ಅಲ್ಲಾಡುತ್ತಿದ್ದದ್ದು ಅವರ ಕೈಯೇ. ಎಂಜಲು ನುಂಗಿದರೂ ಕತ್ತಿ ಕೊಯ್ದೀತು ಎಂದು ಅವನು ಉಸಿರು ಬಿಗಿಹಿಡಿದ. ಹೊರಗೆ ತಟ್ಟೆ ತೊಳೆಯುವ ಸದ್ದು. ಕೂಗಿದರೆ ಯಾರಾದರೂ ಬರುತ್ತಾರೆ. ಆದರೆ ಕೂಗಿದರೆ ತಾತ ಬೆಚ್ಚಿಬೀಳುತ್ತಾರೆ. ಬೆರಳು ಬಿಳಿಚುವ ಹಾಗೆ ಅವನು ಕುರ್ಚಿಯ ಕೈ ಹಿಡಿದುಕೊಂಡ.

ತಾತ ಆ ಬೆರಳುಗಳನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಕತ್ತಿ ಮಡಚಿದರು.

"ಭಯ ಆಯ್ತಾ?"

"ಆಯ್ತು ತಾತ. ಕೈಕಾಲೆಲ್ಲ ತಣ್ಣಗಾಯ್ತು."

"ನಂಗೂ ಹಂಗೇ ಆಗುತ್ತೆ ಕಣಪ್ಪಾ. ನೀವೆಲ್ಲ ಅದುಮಿ ಹಿಡ್ಕೋತೀರಲ್ಲ, ಆಗ."

ಶುಶ್ರೂಷಕ ಎದ್ದು ಕುರ್ಚಿ ಬಿಟ್ಟುಕೊಟ್ಟ. "ಇನ್ಮೇಲೆ ಯಾರೂ ಹಿಡ್ಕೊಳ್ಳಲ್ಲ ತಾತ. ನೀವು ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ."

ತಾತ ಮಡಚಿದ ಕತ್ತಿಯನ್ನು ಅವನ ಕೈಗೆ ಕೊಟ್ಟರು. ಆಮೇಲೆ ಕೂತು, ಕಣ್ಣು ಮುಚ್ಚದೆ, ಗದ್ದ ಮೇಲೆತ್ತಿದರು.