ಕೂದಲು ಬೆಳೆಯುವವರೆಗೆ

ಈ ದೇಶದಲ್ಲಿ ಗಂಡನ ವೀಸಾದ ಮೇಲೆ ಬಂದ ಹೆಂಡತಿಯರಿಗೆ ಒಂದು ಬಳೆ ತೊಡಿಸುತ್ತಾರೆ. ಗಂಡನಿಂದ ಕೂಗಳತೆ ದೂರ ಸರಿದರೆ ಅದು ಬಿಸಿಯಾಗುತ್ತದೆ, ಇನ್ನೂ ಮುಂದೆ ಹೋದರೆ ಚರ್ಮ ಸುಡುತ್ತದೆ. ನಮ್ಮವರು ಕೆಲಸಕ್ಕೆ ಹೋದರೆ ನಾನೂ ಹೋಗಿ, ಅಲ್ಲಿಯ ಹೆಂಡತಿಯರ ಕೋಣೆಯಲ್ಲಿ ಸಂಜೆಯವರೆಗೆ ಕೂರುತ್ತೇನೆ.

ಅವರು ಕ್ಷೌರಕ್ಕೆ ಕೂತ ದಿನ, ಸಲೂನಿನ ಪಕ್ಕದಲ್ಲೇ ಇದ್ದ ವಲಸೆ ಮಹಿಳೆಯರ ಉಚಿತ ನೆರವು ಕೇಂದ್ರಕ್ಕೆ ನುಗ್ಗಿದೆ. ಅಲ್ಲಿದ್ದ ಹುಬ್ಬಳ್ಳಿಯ ಜೈತುನಬಿ ನನ್ನ ಬಳೆ ಮುಟ್ಟಿ ನೋಡಿದರು.

"ಇನ್ನೂ ತಣ್ಣಗೈತಿ. ಲಗೂನ ಹೇಳ್ರಿ ಅಕ್ಕಾ."

"ಇದನ್ನ ತೆಗೆಸಬೇಕು. ಅವರು ಒಪ್ಪಲ್ಲ."

"ಅವರ ಒಪ್ಪಿಗಿ ಬ್ಯಾಡ್ರಿ. ಹೊಳಿ ಆಚೆ ಸರ್ಕಾರಿ ವಲಸೆ ಕಚೇರಿ ಐತಿ. ನಿಮ್ಮ ಹೆಸರಿಗೇ ಪರವಾನಗಿ ಕೊಟ್ಟು ಬಳಿ ಬಿಚ್ಚತಾರ. ಆದ್ರ ನೀವ ಖುದ್ದ ಹೋಗಬೇಕು."

"ಅವರನ್ನ ಬಿಟ್ಟು ಹೊಳೆ ದಾಟೋದು ಹೇಗೆ?"

ಆಕೆ ನಕ್ಕರು. "ಆ ಕಚೇರಿ ಬಾಜೂಕೂ ಒಂದ್ ಸಲೂನ್ ಐತ್ರಿ. ಎಲ್ಲಾರೂ ಗಂಡನ್ನ ಅಲ್ಲೇ ಕೂಡ್ರಿಸಿ ಒಳಗ ಹೋಗ್ತಾರ."

ನಾನು ಮರಳಿದಾಗ ನಮ್ಮವರು ಕನ್ನಡಿಯ ಮುಂದೆ ನಿಂತಿದ್ದರು. "ಹೇಗಿದೆ?"

"ಹಿಂದೆಲ್ಲ ಏರುಪೇರು ರೀ. ಮುಂದಿನ ಸಲ ಹೊಳೆಯಾಚೆ ಸಲೂನಿಗೆ ಹೋಗೋಣ."

ಅವರ ಮುಖ ಸಪ್ಪಗಾಯಿತು. ಕತ್ತು ಸವರಿಕೊಂಡರು. "ಆಯ್ತು. ಆದ್ರೆ ಇದು ಬೆಳೀಬೇಕಲ್ಲ."

ಅಂದು ಸಂಜೆಯೇ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅವರ ನೆತ್ತಿಗೆ ತಟ್ಟತೊಡಗಿದೆ. ಅಷ್ಟು ಹತ್ತಿರದಲ್ಲಿ ಬಳೆ ತಣ್ಣಗೆ ಕೊರೆಯುತ್ತಿತ್ತು.

"ಏನಿವತ್ತು, ಇಷ್ಟೊಂದು ಅಕ್ಕರೆ?" ಎಂದರು, ಕಣ್ಣು ಮುಚ್ಚಿಕೊಂಡೇ.

"ಬೇಗ ಬೆಳೀಲಿ ಅಂತ," ಎಂದೆ.