ಅರ್ಥವಿಲ್ಲದ ಹಾಡು

ವೇದಿಕೆಯ ಮೇಲೆ ಗಿಟಾರಿಗೆ ಜೋಡಿಸಿದ್ದ ಪೆಡಲ್‌ಬೋರ್ಡಿನ ತಗಡಿಗೆ ಮುಟ್ಟಿಸಿದ ಟೆಸ್ಟರಿನ ದೀಪ ಕೆಂಪಗೆ ಹೊತ್ತಿಕೊಂಡಾಗ ಮಧುಕೇಶ ಬೆಚ್ಚಿ ಕೈ ಹಿಂದೆಳೆದ. ಗಿಟಾರಿನ ಹಿಂದೆ ಗುಂಯ್‌ಗುಡುತ್ತಿದ್ದ ಹಮ್ ನಿಲ್ಲಿಸಲು ಆಂಪ್ಲಿಫೈಯರ್ ಪ್ಲಗ್ಗಿನ ಹಸಿರು ಅರ್ಥ್ ವೈರನ್ನು ಈಗಷ್ಟೇ ಕಿತ್ತವನು ಅವನೇ. “ಹಮ್ ಹೋಯ್ತು, ಹಮ್ಮು ಬಂತು!” ಎಂದು ಬೀಗಿದ್ದೂ ಆಗಿತ್ತು. ನೆಲಕ್ಕಿಳಿಯಬೇಕಿದ್ದ ಕರೆಂಟು ಈಗ ಧಾರಿಣಿಯ ಗಿಟಾರಿನ ತಂತಿಯಲ್ಲಿ ಕಾದು ಕುಳಿತಿತ್ತು. ಅವಳೋ ತಂತಿ ಹಿಡಿದೇ ಮೈಕಿನತ್ತ ಬಾಗುತ್ತಿದ್ದಳು. ಮೈಕಿಗೆ ಅರ್ಥ್ ಇತ್ತು; ತುಟಿ ತಾಗಿದರೆ ಕರೆಂಟು ಅವಳ ಮೈಮೂಲಕವೇ ನೆಲಕ್ಕಿಳಿಯುತ್ತಿತ್ತು, ಅಲ್ಲಿಗೆ ಮುಗಿಯಿತು.

“ಧಾರಿಣಿ, ಅರ್ಥ್ ಇಲ್ಲ! ಅರ್ಥ್ ಇಲ್ಲ ಕಣೇ!”

ಅವಳು ತಿರುಗಲೂ ಇಲ್ಲ. ಅವಳು ಬರೆದ ಕನ್ನಡ ಹಾಡಿಗೆ ಅರ್ಥವಿಲ್ಲವೆಂದು, ಕಾಲೇಜಿನ ಪ್ರೊಫೆಸರೊಬ್ಬರ ದನಿಯನ್ನು ಅಣಕಿಸಿ, ದಿಲ್ಲಿಯ ಕಾಲೇಜು ಫೆಸ್ಟುಗಳಲ್ಲೆಲ್ಲ ರೇಗಿಸಿಕೊಂಡು ಬಂದವನಲ್ಲವೇ ಅವನು! “ಅಚ್ಛಾ? ನಿನಗೆ ಅರ್ಥ ಆಗಲ್ಲ ಬಿಡೋ, ಕಪಿ!” ಎಂದಳು.

“ತಮಾಷೆ ಅಲ್ವೇ, ಕರೆಂಟು!” ಎಂದು ಅರಚಿದ. ಗಾಬರಿಯಲ್ಲಿ ಹೊರಟದ್ದೂ ಹಾಳು ಪ್ರೊಫೆಸರರ ದನಿಯೇ. ಮುಂದಿನ ಸಾಲಿನವರು ಅದೂ ಅಣಕವೆಂದುಕೊಂಡು ಚಪ್ಪಾಳೆ ತಟ್ಟಿದರು.

ಮಧುಕೇಶ ಎದ್ದೆನೋ ಬಿದ್ದೆನೋ ಎಂದು ಓಡಿ ಪ್ಲಗ್ಗನ್ನೇ ಕಿತ್ತ. ಗಿಟಾರು ಉಸಿರು ನಿಲ್ಲಿಸಿತು. “ಅರೇ, ಕ್ಯಾ ಕರ್ ದಿಯಾ?” ಎಂದು ಸೌಂಡಿನ ಭಯ್ಯಾ ಕೂಗಿದ. ಮೈಕಿಗೆ ಬೆರಳಗಲ ದೂರದಲ್ಲಿ ನಿಂತ ಧಾರಿಣಿ ಸಿಟ್ಟಿನಿಂದ ತಿರುಗಿದಳು. ಅವನು ಕೈ ಮುಂದೆ ಚಾಚಿದ. ಅಂಗೈಯಲ್ಲಿ ಪ್ಲಗ್ಗು, ಅದರಿಂದ ಜೋತುಬಿದ್ದ ಹಸಿರು ವೈರು. ಅವಳು ಅದನ್ನು ನೋಡಿದಳು. ತನ್ನ ಬೆರಳ ಕೆಳಗಿನ ತಂತಿಯನ್ನು ನೋಡಿದಳು.

“ಅರ್ಥ ಆಯ್ತು,” ಎಂದಳು, ಮೈಕಿನಿಂದ ಹಿಂದೆ ಸರಿಯುತ್ತ.