ಮನಸ್ಸು ಕೇಳಿಸದ ಕಾಡು

ಅಕ್ಕನ ಮಗಳ ಮದುವೆ ಮುಗಿಸಿ ಹೆಂಡತಿ ವಿಶಾಲಾಕ್ಷಿಯೊಂದಿಗೆ ಊರಿಗೆ ಮರಳುತ್ತಿದ್ದ ಶ್ರೀಕಂಠಯ್ಯ, ಮಧ್ಯಾಹ್ನ ದಾರಿಯಲ್ಲಿ ಸಿಕ್ಕ ರಕ್ಷಿತಾರಣ್ಯದ ಮುಂದೆ ಕಾರು ನಿಲ್ಲಿಸಿದರು. ‘ಇಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಕೇಳಿಸುವುದಿಲ್ಲ’ ಎಂದು ಗೇಟಿನಲ್ಲಿ ಬೋರ್ಡಿತ್ತು. ನಾಡಿನಲ್ಲಿ ಅಂಥ ಜಾಗ ಉಳಿದಿದ್ದದ್ದು ಇದೊಂದೇ.

ಬೆಳಿಗ್ಗೆ ಆರತಿಯ ಹೊತ್ತಿಗೆ ಅವರು ಹಾಡಲು ಎದ್ದಿದ್ದರು. ಪಲ್ಲವಿ ಮುಗಿಯುವ ಮುನ್ನವೇ ಇಡೀ ಛತ್ರದ ಮನಸ್ಸು ‘ಸಾಕಪ್ಪಾ’ ಎಂದದ್ದು ಕೇಳಿಸಿ ಕುಳಿತುಬಿಟ್ಟಿದ್ದರು. ಅದರಲ್ಲಿ ವಿಶಾಲಾಕ್ಷಿಯ ಮನಸ್ಸೂ ಇತ್ತು.

ಇಬ್ಬರೂ ಕಾಡಿನೊಳಗೆ ನಡೆದು ಬಿದಿರುಮೆಳೆ ದಾಟಿದ ಮೇಲೆ ಶ್ರೀಕಂಠಯ್ಯ ಅದೇ ಹಾಡನ್ನು ಮೂರೂ ಚರಣ ಹಾಡಿದರು. ಮದುವೆಯಾದ ಮೂವತ್ತು ವರ್ಷದಲ್ಲಿ ಒಂದು ಹಾಡು ಪೂರ್ತಿ ಮುಗಿದದ್ದು ಇದೇ ಮೊದಲು.

“ಹೇಗಿತ್ತೇ?”

“ತುಂಬಾ ಚೆನ್ನಾಗಿತ್ತು ರೀ,” ಎಂದರು ವಿಶಾಲಾಕ್ಷಿ. ಗಂಡನ ಮುಖ ಅರಳಿತು.

ತಿರುವಿನಾಚೆ ಗೇಟು ಕಂಡಿತು. ಆಕೆ ಅವರ ತೋಳು ಹಿಡಿದು ನಿಲ್ಲಿಸಿದರು.

“ಇನ್ನೊಂದು ಸುತ್ತು ಹಾಕೋಣ ಬನ್ನಿ.”